ಎದ್ದು ಹೋದವರು, ಕೂತು ನೋಡಿದವರು

ಓದುಗರ ಪತ್ರ

ಸಂಪಾದಕರೇ, ಕಳೆದ ವಾರ ನಾನು ಮತ್ತು ನನ್ನ ತಂಗಿ ಮನೆಯಲ್ಲಿ ‘ಸ್ವೀನಿ ಟಾಡ್’ ನೋಡಲು ಕೂತೆವು. ಟಿಮ್ ಬರ್ಟನ್ ನಿರ್ದೇಶನದ, ಜಾನಿ ಡೆಪ್ ನಟಿಸಿದ 2007ರ ಸಿನಿಮಾ. ಸೇಡಿಗಾಗಿ ಲಂಡನ್ನಿಗೆ ಮರಳಿ ಗಿರಾಕಿಗಳ ಕುತ್ತಿಗೆ ಕೊಯ್ಯುವ ಕ್ಷೌರಿಕ ಟಾಡ್‌ನ ಕಥೆ. ಮೂಲ ಸಂಗೀತ ನಾಟಕದ ಹಾಡುಗಳನ್ನು ನಾನು ವರ್ಷಗಟ್ಟಲೆ ಕೇಳಿದ್ದೇನೆ. ತಂಗಿಗೆ ಅದರ ಗಂಧವೇ ಇರಲಿಲ್ಲ. ಮೂರನೇ ಕುತ್ತಿಗೆ ಕೊಯ್ಯುವ ಹೊತ್ತಿಗೆ ಅವಳು ಎದ್ದು ಹೋದಳು. ‘ಇಷ್ಟು ಚಂದ ಹಾಡ್ತಾ ಇಷ್ಟು ಹೊಲಸು ಕೆಲಸ ಮಾಡೋದನ್ನ ನೋಡೋಕಾಗಲ್ಲ’ ಎಂದಳು. ‘ನಿನಗೆ ಸಿನಿಮಾ ನೋಡಲು ಬರುವುದಿಲ್ಲ’ ಎಂದು ನಾನು ಸಿಟ್ಟಿನಲ್ಲಿ ಅಂದೆ. ಎರಡು ದಿನ ಮಾತಿಲ್ಲ. ಬಿಡುಗಡೆಯಾದಾಗಲೂ ಜನ ಹೀಗೇ ಎದ್ದು ಹೋಗಿದ್ದರಂತೆ. ಅವರಿಗೆಲ್ಲ ಅರ್ಥವಾಗಲಿಲ್ಲವೇ? ಅಥವಾ ಸಿನಿಮಾದಲ್ಲೇ ಏನೋ ತಪ್ಪಿದೆಯೇ? ನನ್ನ ಹೆಸರು ಹಾಕಬೇಡಿ. ತಂಗಿಯೂ ಈ ಪತ್ರಿಕೆ ಓದುತ್ತಾಳೆ.

ಸಂಪಾದಕರ ಉತ್ತರ

ನಿಮ್ಮ ತಂಗಿಗೆ ಸಿನಿಮಾ ನೋಡಲು ಚೆನ್ನಾಗಿಯೇ ಬರುತ್ತದೆ. ಎದ್ದು ಹೋಗುವಾಗ ಅವರು ಆಡಿದ ಮಾತನ್ನು ಇನ್ನೊಮ್ಮೆ ಓದಿ ನೋಡಿ. ಚಂದದ ಹಾಡು, ಹೊಲಸು ಕೆಲಸ, ಎರಡೂ ಒಂದೇ ಉಸಿರಿನಲ್ಲಿ. ಈ ನಾಟಕದ ಜೀವ ಇರುವುದೇ ಅಲ್ಲಿ. ಹಾಡು ಬರೆದ ಸ್ಟೀಫನ್ ಸಾಂಡ್‌ಹೈಮ್ ಅದನ್ನು ಬೇಕೆಂದೇ ಹಾಗೆ ಬರೆದರು. ನೀವು ವರ್ಷಗಟ್ಟಲೆ ಕೇಳಿ ಪಳಗಿದ ಹಾಡು ನಿಮ್ಮ ತಂಗಿಗೆ ಮೊದಲ ಸಲವೇ ನೇರವಾಗಿ ತಾಗಿತು.

ಅವರು ಎದ್ದ ಜಾಗ ಯಾವುದು ಎಂದು ಲೆಕ್ಕ ಹಾಕಿದೆ. ಮೊದಲ ಕೊಲೆ ಪಿರೆಲ್ಲಿಯದು. ಹಳೆಯ ಗುಟ್ಟು ಹಿಡಿದು ದುಡ್ಡು ಕೇಳಲು ಬಂದವನು. ಅವನು ಸತ್ತಾಗ ನಮಗೆ ಅಷ್ಟೇನೂ ಅನ್ನಿಸುವುದಿಲ್ಲ. ಹಾಗಾದರೆ ಮೂರನೇ ಕುತ್ತಿಗೆ ಬರುವುದು ‘ಜೊಹಾನಾ’ ಹಾಡಿನೊಳಗೆ. ಟಾಡ್ ತನ್ನ ಮಗಳನ್ನು ನೆನೆದು ಹಾಡುವ ಹಾಡು ಅದು. ಅವಳನ್ನು ಇನ್ನು ನೋಡಲಾರೆ ಎಂದು ಅವನಿಗೆ ಗೊತ್ತಾಗಿದೆ. ರಾಗ ಮೆತ್ತಗಿದೆ, ನಿಧಾನವಾಗಿದೆ, ಜೋಗುಳದ ಹಾಗಿದೆ. ಆ ರಾಗದಲ್ಲೇ ಕುರ್ಚಿಗೆ ಬಂದು ಕೂತವರ ಗಂಟಲು ಒಂದೊಂದಾಗಿ ಸೀಳುತ್ತದೆ. ಅವರು ಅವನಿಗೆ ಏನೂ ಮಾಡಿಲ್ಲ. ಕ್ಷೌರಕ್ಕೆ ಬಂದವರು, ಅಷ್ಟೇ. ಅವನು ಅವರ ಮುಖವನ್ನೂ ನೋಡುತ್ತಿಲ್ಲ. ಹೆಂಡತಿ ಮಗುವಿನ ಜೊತೆ ಬಂದ ಒಬ್ಬ ಗಿರಾಕಿ ಮಾತ್ರ ಬದುಕಿಕೊಳ್ಳುತ್ತಾನೆ. ಆಗ ನಾವು ಉಸಿರು ಬಿಡುತ್ತೇವೆ. ಮರುಕ್ಷಣವೇ ಮತ್ತೊಬ್ಬ ಬಂದು ಕೂರುತ್ತಾನೆ. ಇಡೀ ಕಥೆಯಲ್ಲಿ ಇದಕ್ಕಿಂತ ಕಷ್ಟದ ಜಾಗ ಇಲ್ಲ. ನಿಮ್ಮ ತಂಗಿ ಎದ್ದಿದ್ದು ಸರಿಯಾಗಿ ಅಲ್ಲೇ. ಅವರ ಕಿವಿ ಚುರುಕಾಗಿದೆ.

ಈಗ ಬಿಡುಗಡೆಯ ಕಾಲಕ್ಕೆ ಬರೋಣ. ಅಮೆರಿಕದಲ್ಲಿ ಚಿತ್ರ ಬಂದಿದ್ದು 2007ರ ಡಿಸೆಂಬರ್ 21ಕ್ಕೆ, ಕ್ರಿಸ್‌ಮಸ್ ವಾರದಲ್ಲಿ. ಬ್ರಿಟನ್ನಿಗೆ 2008ರ ಜನವರಿಯಲ್ಲಿ ಬಂತು. ಎದ್ದು ಹೋದವರು ಇದ್ದರು, ನಿಜ. ಆದರೆ ಅವರಲ್ಲಿ ಎಷ್ಟೋ ಜನಕ್ಕೆ ರಕ್ತದ ತಕರಾರೇ ಇರಲಿಲ್ಲ, ಹಾಡಿನ ತಕರಾರಿತ್ತು! ಟ್ರೇಲರ್ ನೋಡಿದವರಿಗೆ ಇದು ಸಂಗೀತ ನಾಟಕದ ಸಿನಿಮಾ ಎಂದು ಗೊತ್ತಾಗುವಂತೆಯೇ ಇರಲಿಲ್ಲ. ಕತ್ತಲು, ಕತ್ತಿ, ಜಾನಿ ಡೆಪ್‌ನ ಬಿಳುಚಿದ ಮುಖ, ಕೂದಲಲ್ಲಿ ಒಂದು ಬಿಳಿ ಗೆರೆ. ಜನ ದೆವ್ವದ ಸಿನಿಮಾ ನೋಡುವ ಹುಮ್ಮಸ್ಸಿನಲ್ಲಿ ಬಂದರು. ಶುರುವಾದ ಕೆಲವೇ ನಿಮಿಷದಲ್ಲಿ ಹಡಗಿನ ಮೇಲೆ ನಿಂತ ಹುಡುಗ ಲಂಡನ್ ಬಗ್ಗೆ ಹಾಡತೊಡಗಿದ. ಮುಂದೆ ಹಾಡು ನಿಲ್ಲುವ ಲಕ್ಷಣವೇ ಇಲ್ಲ. ಟ್ರೇಲರ್ ದಾರಿ ತಪ್ಪಿಸಿತು ಎಂದು ಬ್ರಿಟನ್ನಿನಲ್ಲಿ ಕೆಲವರು ಜಾಹೀರಾತುಗಳ ಮೇಲೆ ಕಣ್ಣಿಡುವ ಸಂಸ್ಥೆಗೇ ದೂರು ಕೊಟ್ಟರು.

ಆ ಪ್ರೇಕ್ಷಕರನ್ನು ನಾನು ತಪ್ಪು ಅನ್ನುವುದಿಲ್ಲ. ಪಾತ್ರಗಳು ಮಾತಿನ ಬದಲು ಹಾಡುತ್ತವೆ ಎಂಬುದು ಒಂದು ಒಪ್ಪಂದ. ಬಾಗಿಲಲ್ಲೇ ಆ ಒಪ್ಪಂದ ಆಗಬೇಕು. ನಾಟಕಕ್ಕೆ ಟಿಕೆಟ್ ಕೊಂಡವನು ಅದನ್ನು ಮಾಡಿಕೊಂಡೇ ಒಳಗೆ ಬರುತ್ತಾನೆ. ಈ ಸಿನಿಮಾ ಮಾರಿದವರು ಅದನ್ನು ಮುಚ್ಚಿಟ್ಟರು. ಹಾಡಿದೆ ಅಂದರೆ ಜನ ಬರುವುದಿಲ್ಲ ಎಂಬ ಭಯ ಇರಬೇಕು. ಆ ಭಯಕ್ಕೆ ಬೆಲೆ ತೆತ್ತಿದ್ದು ಸಿನಿಮಾ. ಕತ್ತಲಲ್ಲಿ ಮೋಸ ಹೋದೆ ಎಂದುಕೊಂಡು ಕೂತವನ ಕಿವಿಗೆ ಎಂಥ ರಾಗವೂ ಇಳಿಯುವುದಿಲ್ಲ, ಅಲ್ವಾ?

ಇನ್ನೊಂದು ಕಡೆ ನಿಮ್ಮಂಥವರು ಇದ್ದರು. ನಾಟಕವನ್ನು ಎದೆಯಲ್ಲಿಟ್ಟುಕೊಂಡು ಬಂದವರು. ಅವರ ದೂರೇ ಬೇರೆ. ಡೆಪ್‌ಗೆ ದನಿ ಸಾಲದು, ಹೆಲೆನಾ ಬಾನ್‌ಹ್ಯಾಮ್ ಕಾರ್ಟರ್ ಟಾಡ್‌ನ ಜೊತೆಗಾತಿ ಮಿಸೆಸ್ ಲವೆಟ್ ಪಾತ್ರವನ್ನು ಪಿಸುಗುಟ್ಟಿಯೇ ಮುಗಿಸಿದರು, ಹಾಡು ಕತ್ತರಿಸಿದರು ಎಂದು. ದನಿಯ ಮಾತು ನನಗೆ ಅಷ್ಟು ದೊಡ್ಡದಾಗಿ ಕಾಣಲಿಲ್ಲ. ರಂಗದ ಮೇಲೆ ಕೊನೆಯ ಸಾಲಿನವರೆಗೆ ದನಿ ಹೋಗಬೇಕು. ಕ್ಯಾಮೆರಾ ಮೂಗಿನ ತುದಿಯಲ್ಲಿ ನಿಂತಾಗ ಪಿಸುಮಾತೂ ಸಾಕು. ಮುಖ್ಯ ಪಾತ್ರಗಳಿಗೆ ಯಾರು ಎಂಬುದಕ್ಕೆ ಸಾಂಡ್‌ಹೈಮ್ ಅವರ ಒಪ್ಪಿಗೆಯೂ ಇತ್ತು.

ಆದರೆ ಕತ್ತರಿಸಿದ ಹಾಡುಗಳ ವಿಚಾರದಲ್ಲಿ ನಿಮ್ಮ ಪಂಗಡದ ದೂರು ನನ್ನದೂ ಹೌದು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ರಕ್ತ.

1979ರಲ್ಲಿ ನ್ಯೂಯಾರ್ಕಿನ ರಂಗಮಂದಿರಗಳ ಬೀದಿ ಬ್ರಾಡ್‌ವೇಯಲ್ಲಿ ಹೆರಾಲ್ಡ್ ಪ್ರಿನ್ಸ್ ಈ ನಾಟಕ ಆಡಿಸಿದಾಗಲೂ ಕುತ್ತಿಗೆ ಕೊಯ್ಯುವುದಿತ್ತು, ರಕ್ತವಿತ್ತು. ಪ್ರತಿ ಕೊಲೆಗೂ ಕಾರ್ಖಾನೆಯ ಸಿಳ್ಳೆ ಕಿವಿ ಹರಿಯುವ ಹಾಗೆ ಕೂಗುತ್ತಿತ್ತು. ಹೆಣ ಕುರ್ಚಿಯಿಂದ ಜಾರಿ ಕೆಳಗೆ ಮಾಯವಾಗುತ್ತಿತ್ತು. ಆ ಕುರ್ಚಿಯ ಜಾಣತನಕ್ಕೇ ಪ್ರೇಕ್ಷಕರು ಖುಷಿಪಡುತ್ತಾರೆ. ಸತ್ತ ನಟ ಕೊನೆಯಲ್ಲಿ ಬಂದು ಕೈಮುಗಿಯುತ್ತಾನೆ ಎಂದು ಅವರಿಗೆ ಗೊತ್ತು. 2005ರಲ್ಲಿ ನಿರ್ದೇಶಕ ಜಾನ್ ಡಾಯ್ಲ್ ಇದನ್ನೇ ಇನ್ನೂ ಮುಂದಕ್ಕೆ ಒಯ್ದರು. ನಟರೇ ವಾದ್ಯ ನುಡಿಸುತ್ತಿದ್ದರು. ಕೊಲೆಯಾದಾಗ ಒಂದು ಬಕೆಟ್ಟಿನಿಂದ ಇನ್ನೊಂದಕ್ಕೆ ಕೆಂಪು ನೀರು ಸುರಿಯುತ್ತಿದ್ದರು, ಅಷ್ಟೇ. ರಕ್ತ ಎಂದು ನಾವು ಒಪ್ಪಿಕೊಂಡರೆ ಅದು ರಕ್ತ.

ಸಿನಿಮಾದಲ್ಲಿ ಆ ಒಪ್ಪಿಗೆ ಕೇಳುವುದಿಲ್ಲ, ತೋರಿಸಿಬಿಡುತ್ತದೆ. ಬರ್ಟನ್ ಇದನ್ನು ತಿಳಿದೇ ಮಾಡಿದರು ಎಂದು ನನ್ನ ನಂಬಿಕೆ. ಇಡೀ ಲಂಡನ್ನನ್ನು ಬೂದಿಯ ಬಣ್ಣಕ್ಕೆ ಇಳಿಸಿದರು. ಚಿತ್ರದ ಬಣ್ಣ ಹಿಂಡಿ ತೆಗೆದಾಗಲೂ ರಕ್ತ ಸರಿಯಾಗಿ ಕಾಣಬೇಕೆಂದು ಚಿತ್ರೀಕರಣದಲ್ಲಿ ಕಿತ್ತಳೆ ಬಣ್ಣದ ರಕ್ತ ಬಳಸಿದರು. ಹಾಗಾಗಿ ಪರದೆಯ ಮೇಲೆ ಹೆಚ್ಚಿನ ಹೊತ್ತು ಎದ್ದು ಕಾಣುವುದು ಅದೊಂದೇ ಬಣ್ಣ. ಅದು ಕಾರಂಜಿಯ ಹಾಗೆ ಚಿಮ್ಮುತ್ತದೆ. ನಿಜವಾದ ರಕ್ತದಂತೆ ಕಾಣುವುದೂ ಇಲ್ಲ. ನಾಟಕದ ಕೆಂಪು ನೀರಿಗೆ ಇದು ಹತ್ತಿರದ ನೆಂಟ. ಆದ್ದರಿಂದ ‘ರಕ್ತ ಜಾಸ್ತಿಯಾಯಿತು’ ಎಂಬ ದೂರನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅಮೆರಿಕದಲ್ಲಿ ಮಕ್ಕಳು ದೊಡ್ಡವರ ಜೊತೆಗಷ್ಟೇ ನೋಡಬಹುದಾದ ‘ಆರ್’ ಪ್ರಮಾಣಪತ್ರ, ಬ್ರಿಟನ್ನಿನಲ್ಲಿ 18 ವರ್ಷ ದಾಟಿದವರಿಗೆ ಮಾತ್ರ. ಅಷ್ಟು ಎಚ್ಚರಿಕೆಯಂತೂ ಇತ್ತು.

ನನ್ನನ್ನು ಕದಲಿಸಿದ್ದು ಬೇರೆ. ಸದ್ದು. ಕುರ್ಚಿ ಹಿಂದಕ್ಕೆ ವಾಲುತ್ತದೆ, ನೆಲ ಬಾಯಿ ಬಿಡುತ್ತದೆ, ಹೆಣ ತಲೆಕೆಳಗಾಗಿ ನೆಲಮಾಳಿಗೆಯ ಕಲ್ಲಿಗೆ ಬೀಳುತ್ತದೆ. ತಲೆ ಬಡಿಯುವ ಆ ಸದ್ದು! ಅದರಲ್ಲಿ ನಾಟಕ ಒಂದಿಷ್ಟೂ ಇಲ್ಲ. ಮೇಲೆ ಅಪ್ಪನ ಹಾಡು ಮುಂದುವರಿದಿರುತ್ತದೆ, ಕೆಳಗೆ ಈ ಸದ್ದು. ಥಿಯೇಟರಿನಲ್ಲಿ ಮೊದಲ ಸಲ ನೋಡಿದಾಗ ನನ್ನ ಮುಂದಿನ ಸಾಲಿನಲ್ಲಿ ಇಬ್ಬರು ಎದ್ದರು. ರಕ್ತ ಚಿಮ್ಮಿದಾಗ ಅವರು ಕೂತೇ ಇದ್ದರು. ಎರಡನೇ ಹೆಣ ಬಿದ್ದ ಸದ್ದಿಗೆ ಎದ್ದರು. ನನಗೂ ಹೊಟ್ಟೆ ತೊಳಸಿತು. ಎದ್ದು ಹೋದವರಿಗಿಂತ ನಾನು ಗಟ್ಟಿಯೇನೂ ಅಲ್ಲ. ಹಾಡು ಎಲ್ಲಿಗೆ ಮುಟ್ಟುತ್ತದೆ ಎಂದು ಗೊತ್ತಿದ್ದದ್ದಕ್ಕೆ ಕೂತೆ.

ಇನ್ನು ನಗು. ಇದರ ಬಗ್ಗೆ ನೀವು ಕೇಳಿಲ್ಲ. ಆದರೆ ನಿಮ್ಮಿಬ್ಬರ ಜಗಳದ ಬೇರು ಇಲ್ಲೇ ಇರಬಹುದು.

ನಾಟಕದ ಮೊದಲ ಅಂಕ ಹೇಗೆ ಮುಗಿಯುತ್ತದೆ ಎಂದು ನಿಮಗೆ ಗೊತ್ತು. ಹೆಣವನ್ನು ಏನು ಮಾಡುವುದು ಎಂದು ಟಾಡ್ ಕೂತಿದ್ದಾನೆ. ಮಿಸೆಸ್ ಲವೆಟ್‌ಗೆ ಹಿಟ್ಟಿನೊಳಗೆ ಮಾಂಸ ತುಂಬಿ ಬೇಯಿಸಿದ ಪೈ ಮಾರುವ ಅಂಗಡಿ, ಮಾಂಸಕ್ಕೆ ದುಡ್ಡಿಲ್ಲ. ಅವಳಿಗೆ ಉಪಾಯ ಹೊಳೆಯುತ್ತದೆ. ಆಮೇಲೆ ಇಬ್ಬರೂ ಸೇರಿ ಪಾದ್ರಿಯ ರುಚಿ ಹೇಗೆ, ವಕೀಲನ ರುಚಿ ಹೇಗೆ ಎಂದು ಮಾತಿಗೆ ಮಾತು ಪೋಣಿಸಿ ಹಾಡುತ್ತಾರೆ. ಪ್ರೇಕ್ಷಕರು ಹೊಟ್ಟೆ ಹಿಡಿದು ನಗುತ್ತಾರೆ. ಪಕ್ಕದವರು ನಕ್ಕಿದ್ದು ಕೇಳಿ ಇನ್ನಷ್ಟು ನಗುತ್ತಾರೆ. ನಟರು ಆ ನಗು ಇಳಿಯುವವರೆಗೆ ಕಾದು ಮುಂದಿನ ಸಾಲು ಹಿಡಿಯುತ್ತಾರೆ. ಪರದೆ ಬೀಳುತ್ತದೆ. ವಿರಾಮದಲ್ಲಿ ಎಲ್ಲರೂ ನಗುತ್ತಲೇ ಹೊರಗೆ ಹೋಗುತ್ತಾರೆ. ಮನುಷ್ಯರನ್ನು ಬೇಯಿಸಿ ಮಾರುವ ಯೋಜನೆಗೆ ಅವರು ಸೈ ಅಂದುಬಿಟ್ಟಿದ್ದಾರೆ. ಎರಡನೇ ಅಂಕ ಆ ಒಪ್ಪಿಗೆಗೆ ಲೆಕ್ಕ ಕೇಳುತ್ತದೆ.

ಸಿನಿಮಾದಲ್ಲಿ ಆ ಹಾಡು ಇದೆ, ಮೊಟಕಾಗಿದೆ. ಇಬ್ಬರೂ ಕಿಟಕಿಯ ಹೊರಗೆ ಹೋಗುವವರನ್ನು ನೋಡುತ್ತಾ ತಣ್ಣಗೆ ಹಾಡುತ್ತಾರೆ. ನಗಲು ಕಾಯುವವರಿಲ್ಲ. ವಿರಾಮವಿಲ್ಲ. ನಾನಿದ್ದ ಆಟದಲ್ಲಿ ಅಲ್ಲೊಂದು ಇಲ್ಲೊಂದು ಕಿಸಕ್ ಎಂದಿತು, ಅಷ್ಟೇ. ಮನೆಯಲ್ಲಿ ಇಬ್ಬರೇ ಕೂತಿದ್ದ ನಿಮ್ಮಲ್ಲಿ ನೀವೊಬ್ಬರೇ ನಕ್ಕಿರುತ್ತೀರಿ. ಹಳೆಯ ನಗು ನಿಮ್ಮೊಳಗೆ ಮೊದಲೇ ಇತ್ತು. ನಿಮ್ಮ ತಂಗಿಗೆ ಆ ನಗು ಸಿಗಲೇ ಇಲ್ಲ. ನಗದೆ ಕೂತವರಿಗೆ ಮುಂದಿನ ಹಾಡಿನಲ್ಲಿ ಕಾಣುವುದು ಕೊಲೆ ಮಾತ್ರ. ನಕ್ಕವರಿಗೆ ಅದರ ಜೊತೆ ತಮ್ಮ ನಗುವೂ ಕಾಣುತ್ತದೆ. ಒಂದೇ ಸೋಫಾದಲ್ಲಿ ಕೂತು ನೀವಿಬ್ಬರೂ ನೋಡಿದ್ದು ಎರಡು ಬೇರೆ ಬೇರೆ ಕಥೆ.

ಈಗ ಕತ್ತರಿಸಿದ ಹಾಡು. ನಾಟಕ ಶುರುವಾಗುವುದೂ ಮುಗಿಯುವುದೂ ಮೇಳದ ಹಾಡಿನಿಂದ. ಊರಿನ ಜನವೇ ಮುಂದೆ ಬಂದು, ಇವನ ಕಥೆ ಕೇಳಿ ಎನ್ನುತ್ತಾರೆ. ಕೊನೆಯಲ್ಲಿ ಅದೇ ಜನ ಬೆರಳು ಚಾಚಿ, ಅಗೋ ಅಲ್ಲಿದ್ದಾನೆ ಸ್ವೀನಿ, ಇಗೋ ಇಲ್ಲಿದ್ದಾನೆ ಎಂದು ಸಭಾಂಗಣದ ಸುತ್ತ ತೋರಿಸುತ್ತಾರೆ. ಸೇಡು ನಿಮ್ಮ ಪಕ್ಕದ ಕುರ್ಚಿಯಲ್ಲೂ ಕೂತಿರಬಹುದು ಎನ್ನುವ ಹಾಗೆ. ಸಿನಿಮಾದಲ್ಲಿ ಆ ರಾಗ ಶೀರ್ಷಿಕೆಯ ಹಿಂದೆ ವಾದ್ಯದಲ್ಲಿ ಮಾತ್ರ ಕೇಳುತ್ತದೆ. ಮಾತೂ ಇಲ್ಲ, ಮೇಳವೂ ಇಲ್ಲ. ನಟ ಕ್ರಿಸ್ಟೋಫರ್ ಲೀ ಅವರಿಂದ ಹಾಡಿಸಿ ಆಮೇಲೆ ಕೈಬಿಟ್ಟರು. ಬೀದಿಯಲ್ಲಿ ಜನ ಗುಂಪಾಗಿ ಹಾಡಿದರೆ ಪರದೆಯ ಮೇಲೆ ಕೃತಕವಾಗಿ ಕಾಣುತ್ತದೆ ಎಂಬ ಅಳುಕು ನನಗೆ ಅರ್ಥವಾಗುತ್ತದೆ. ಆದರೂ ನಷ್ಟ ದೊಡ್ಡದು. ಮೇಳ ಇದ್ದಾಗ ಇದು ಊರಿನ ಕಥೆ. ಮೇಳ ಹೋದಾಗ ಒಬ್ಬ ಹುಚ್ಚನ ಕಥೆ. ಪ್ರೇಕ್ಷಕರಿಗೆ ಕೈ ಹಿಡಿಯಲು ಯಾರೂ ಉಳಿಯಲಿಲ್ಲ. ಎದ್ದು ಹೋದವರಲ್ಲಿ ಕೆಲವರನ್ನಾದರೂ ಆ ಮೇಳ ಕೂರಿಸಿಕೊಳ್ಳುತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ಇಷ್ಟಾದರೂ ಕೊನೆಯ ದೃಶ್ಯದಲ್ಲಿ ನಾನು ಬರ್ಟನ್ ಪರ. ತಾನು ಕೊಂದ ಭಿಕ್ಷುಕಿಯೇ ತನ್ನ ಹೆಂಡತಿ ಎಂದು ಟಾಡ್‌ಗೆ ತಿಳಿಯುತ್ತದೆ. ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುತ್ತಾನೆ. ಹಿಂದಿನಿಂದ ಪೈ ಅಂಗಡಿಯ ಹುಡುಗ ಟೋಬಿ ಅವನದೇ ಕತ್ತಿ ಹಿಡಿದು ಬರುತ್ತಾನೆ. ಟಾಡ್ ತಪ್ಪಿಸಿಕೊಳ್ಳುವುದಿಲ್ಲ, ತಲೆ ಎತ್ತಿ ಕುತ್ತಿಗೆ ಕೊಡುತ್ತಾನೆ. ಅವನ ರಕ್ತ ಹೆಂಡತಿಯ ಮುಖದ ಮೇಲೆ ಇಳಿಯುತ್ತದೆ. ಅಲ್ಲಿಗೆ ಸಿನಿಮಾ ನಿಂತುಬಿಡುತ್ತದೆ. ಅಷ್ಟೂ ಹೊತ್ತು ಕಾರಂಜಿಯ ಹಾಗೆ ಚಿಮ್ಮುತ್ತಿದ್ದ ರಕ್ತ ಇಲ್ಲಿ ನಿಧಾನವಾಗಿ ಹರಿಯುತ್ತದೆ. ಅದು ಈಗ ನಿಜವಾದ ರಕ್ತ. ಥಿಯೇಟರಿನಲ್ಲಿ ದೀಪ ಹತ್ತಿದ ಮೇಲೂ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಿಮ್ಮ ತಂಗಿ ಇಷ್ಟು ದೂರ ಬಂದಿದ್ದರೆ ಹೊಲಸು ಕೆಲಸದ ಬಗ್ಗೆ ಅವರಿಗಿದ್ದ ಸಿಟ್ಟಿಗೆ ಇಲ್ಲಿ ಜೊತೆ ಸಿಗುತ್ತಿತ್ತು. ಆದರೆ ಬರಲೇಬೇಕು ಎಂದು ಯಾರನ್ನೂ ಒತ್ತಾಯಿಸುವ ಹಕ್ಕು ನಮಗಿಲ್ಲ.

ಹಾಗೆ ನೋಡಿದರೆ ಈ ಕಥೆಗೆ ಪ್ರೇಕ್ಷಕರು ಸುಲಭವಾಗಿ ಒಲಿದದ್ದು ಕಡಿಮೆ. 1979ರಲ್ಲಿ ನಾಟಕ ಅಮೆರಿಕದ ರಂಗಭೂಮಿಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿ ಎಂಟು ಗೆದ್ದಿತು, 557 ಪ್ರದರ್ಶನ ಕಂಡಿತು, ಆದರೂ ಹೂಡಿದ ಹಣ ಪೂರ್ತಿ ವಾಪಸ್ ಬರಲಿಲ್ಲ. ಮರುವರ್ಷ ಕಥೆಯ ತವರೂರಾದ ಲಂಡನ್ನಿನಲ್ಲೇ 157 ಪ್ರದರ್ಶನಕ್ಕೆ ನಿಂತುಹೋಯಿತು. ಆಗಲೂ ಜನ ದಡ್ಡರಿರಲಿಲ್ಲ.

ನಿಮಗೊಂದು ಕೆಲಸ ಹೇಳುತ್ತೇನೆ. ಏಂಜೆಲಾ ಲ್ಯಾನ್ಸ್‌ಬರಿ ಮತ್ತು ಜಾರ್ಜ್ ಹರ್ನ್ ನಟಿಸಿದ ರಂಗಪ್ರಯೋಗವನ್ನು ಟೀವಿಗಾಗಿ ಚಿತ್ರೀಕರಿಸಿ 1982ರಲ್ಲಿ ಪ್ರಸಾರ ಮಾಡಿದ್ದರು. ಮೊದಲು ತಂಗಿಯ ಹತ್ತಿರ ಹೋಗಿ ಅಂದ ಮಾತು ವಾಪಸ್ ತೆಗೆದುಕೊಳ್ಳಿ. ಆಮೇಲೆ, ಅವರಿಗೆ ಮನಸ್ಸಿದ್ದರೆ, ಇಬ್ಬರೂ ಅದರ ಮೊದಲ ಅಂಕ ನೋಡಿ. ಪೈ ಹಾಡು ಮುಗಿದ ಕೂಡಲೇ ನಿಲ್ಲಿಸಿ, ಸುಮ್ನೆ ಹದಿನೈದು ನಿಮಿಷ ಎದ್ದು ಓಡಾಡಿ. ಅಲ್ಲಿಂದ ಮುಂದೆ ನೋಡುವುದೋ ಬಿಡುವುದೋ ಅವರಿಗೇ ಬಿಡಿ. ಮತ್ತೆ ಪತ್ರ ಬರೆಯುವಾಗ ಅವರು ಎಲ್ಲಿ ನಕ್ಕರು ಎಂಬುದನ್ನು ಮರೆಯದೆ ತಿಳಿಸಿ.