ಪಟ್ಟಿ ಪುಸ್ತಕ ಮುಚ್ಚಬೇಡಿ, ಅಕ್ಕಾವ್ರೇ

ಬೆಳಗಾವಿಯ ಹೊಸ ಬಡಾವಣೆಯೊಂದರಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು:

"ಗಣಪತಿ ಹಬ್ಬ ಬಂತೆಂದರೆ ಪಟ್ಟಿ, ಅಂದರೆ ಹಬ್ಬದ ಚಂದಾ, ಕೇಳುವ ಹುಡುಗರ ಕಾಟ. ನಮ್ಮವರು, ಪಕ್ಕದ ಓಣಿಯವರು, ಗುರುತೇ ಇಲ್ಲದವರು, ಎಲ್ಲರೂ ಬರುತ್ತಾರೆ. ಕಡಿಮೆ ಕೊಟ್ಟರೆ ಮುಖ ಗಂಟು. ಈ ವರ್ಷ ಬಿಲ್ಡರ್ ಒಬ್ಬರು ಪೂರ್ತಿ ಖರ್ಚು ತಾವೇ ಕೊಡುತ್ತೇವೆ ಎಂದಿದ್ದಾರೆ. ಗಣಪತಿ, ದಸರೆ, ರಾಜ್ಯೋತ್ಸವ ಎಲ್ಲವನ್ನೂ ಇವೆಂಟ್‌ನವರೇ ನೋಡಿಕೊಳ್ಳುತ್ತಾರೆ. ಪಟ್ಟಿಯೂ ಬೇಡ, ಜಗಳವೂ ಬೇಡ. ಸಂಘದ ಕಾರ್ಯದರ್ಶಿಯಾಗಿ ಒಪ್ಪಿಗೆ ಕೊಡಬೇಕೆಂದಿದ್ದೇನೆ. ಏನಂತೀರಿ?"

ಬೇಡ ಅಂತೀನಿ ಅಕ್ಕಾವ್ರೇ. ನೀವು ಕೇಳಿದ್ದಕ್ಕೆ ಖುಷಿಯಾಯಿತು, ಅದಕ್ಕೇ ನೇರವಾಗಿ ಹೇಳುತ್ತಿದ್ದೇನೆ.

ನಿಮ್ಮ ಬೇಸರ ಸುಳ್ಳಲ್ಲ. ಒತ್ತಾಯ ಮಾಡಿ ದುಡ್ಡು ಕೀಳುವವರು ಎಲ್ಲ ಊರಲ್ಲೂ ಇದ್ದಾರೆ. ಪಾವತಿ (ರಸೀದಿ) ಹರಿಯದೆ ಕೈಚಾಚುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಗುರುತಿಲ್ಲದವರಿಗೆ ಬಾಗಿಲು ತೆಗೆಯಬೇಕಾಗಿಯೂ ಇಲ್ಲ. ಆದರೆ ನಿಮ್ಮದೇ ಓಣಿಯ ಹುಡುಗರು ಬಂದು ಗೇಟು ಬಡಿದರೆ ಅದನ್ನು ಕಾಟ ಅನ್ನಬೇಡಿ. ಆ ಹುಡುಗರು ನಿಮ್ಮ ಮನೆಗೆ ಬರಲು ಈಗ ಉಳಿದಿರುವ ಕಾರಣ ಅದೊಂದೇ, ಅಲ್ವಾ?

ನಾನು ಬೆಳೆದದ್ದು ವಿಜಯಪುರದ ಒಂದು ಹಳೆಯ ಓಣಿಯಲ್ಲಿ. ಪಟ್ಟಿ ಪುಸ್ತಕ ಹಿಡಿದು ಮನೆ ಮನೆ ತಿರುಗಿದ್ದೇನೆ. ಪುಸ್ತಕದ ಹೊಟ್ಟೆಯಲ್ಲಿ ಕಾರ್ಬನ್ ಹಾಳೆ, ಬೆನ್ನಿಗೆ ದಾರ ಕಟ್ಟಿದ ಪೆನ್ನು. ಮೊದಲ ಪಾವತಿಯ ಮೇಲೆ 'ಶ್ರೀ' ಬರೆದು ಓಣಿಯ ಹಿರಿಯರೊಬ್ಬರಿಂದ ಬೋಣಿ ಮಾಡಿಸಬೇಕು. ಅವರು ಎಷ್ಟು ಹಾಕುತ್ತಾರೋ ಅದನ್ನು ನೋಡಿ ಮಿಕ್ಕವರು ಹಾಕುತ್ತಿದ್ದರು. ಒಬ್ಬ ನಿವೃತ್ತ ಮಾಸ್ತರರಿದ್ದರು. ಹಿಂದಿನ ವರ್ಷದ ಲೆಕ್ಕ ತೋರಿಸದೆ ಒಂದು ಪೈಸೆ ಬಿಚ್ಚುತ್ತಿರಲಿಲ್ಲ. ಕಟ್ಟೆಯ ಮೇಲೆ ನಮ್ಮನ್ನು ಕೂರಿಸಿ, ಕನ್ನಡಕ ಏರಿಸಿ, "ಈ ಪೆಂಡಾಲಿನ ಬಾಡಿಗಿ ಹ್ಯಾಂಗ ಇಷ್ಟ ಆತು?" ಎಂದು ಕೇಳುತ್ತಿದ್ದರು. ಉತ್ತರ ಸರಿ ಬರದಿದ್ದರೆ ನಾಳೆ ಬಾ. ಸಾರ್ವಜನಿಕ ದುಡ್ಡಿಗೆ ಲೆಕ್ಕ ಕೊಡಬೇಕು ಎಂಬ ಪಾಠ ನಮಗೆ ಶಾಲೆಯಲ್ಲಿ ಸಿಗಲಿಲ್ಲ, ಅವರ ಕಟ್ಟೆಯ ಮೇಲೆ ಸಿಕ್ಕಿತು.

ಅದೇ ಸಾಲಿನ ಕೊನೆಯ ಮನೆಯಲ್ಲಿ ಒಬ್ಬ ಅಮ್ಮ ಒಬ್ಬರೇ ಇದ್ದರು. ಕೈಯಲ್ಲಿ ರೊಕ್ಕ ಆಡುತ್ತಿರಲಿಲ್ಲ. ಮೊರದಲ್ಲಿ ಜೋಳ ತಂದು ನಮ್ಮ ಚೀಲಕ್ಕೆ ಸುರಿಯುತ್ತಿದ್ದರು. ಆಮೇಲೆ "ಚೀಟಿ ಬರಿಯೋ ತಮ್ಮಾ" ಅನ್ನುತ್ತಿದ್ದರು. ನಾವು ಅವರ ಹೆಸರು ಬರೆದು, ಮೊತ್ತ ಬರೆಯುವ ಜಾಗದಲ್ಲಿ 'ಜೋಳ, ಒಂದು ಸೇರು' ಎಂದು ಬರೆಯುತ್ತಿದ್ದೆವು. ಆ ಚೀಟಿಯನ್ನು ದೇವರ ಜಗಲಿಯ ಮೇಲೆ ಇಡುತ್ತಿದ್ದರು. ಆರತಿಯ ಹೊತ್ತಿಗೆ ಅವರು ಪೆಂಡಾಲಿಗೆ ಬಂದರೆ ಅವರದೂ ಅಲ್ಲಿ ಹಕ್ಕಿನ ಜಾಗವೇ. ಬಿಲ್ಡರ್ ಕೊಟ್ಟ ಪೆಂಡಾಲಿನಲ್ಲಿ ಅಂಥ ಅಮ್ಮ ಬಂದವರಲ್ಲಿ ಒಬ್ಬರು, ಅಷ್ಟೇ. ಊಟದ ಸಾಲಿನಲ್ಲಿ ಹಿಂದೆ ನಿಂತಿರುತ್ತಾರೆ.

ನೀವಿರುವ ಊರಿನ ಕತೆಯನ್ನೇ ನೋಡಿ. ಪುಣೆಯಲ್ಲಿ ತಿಲಕರು ಸಾರ್ವಜನಿಕ ಗಣೇಶೋತ್ಸವದ ಬೆನ್ನಿಗೆ ನಿಂತದ್ದು 1893ರಲ್ಲಿ. ಬೆಳಗಾವಿಯ ಝೇಂಡಾ ಚೌಕದಲ್ಲಿ ಸಾರ್ವಜನಿಕ ಗಣಪತಿ ಕೂತದ್ದು 1905ರಲ್ಲಿ. ನಾಲ್ಕು ಜನ ಒಂದೆಡೆ ಸೇರಿದರೆ ಬ್ರಿಟಿಷ್ ಸರ್ಕಾರ ಅನುಮಾನದಿಂದ ನೋಡುತ್ತಿದ್ದ ಕಾಲ ಅದು. ಮನೆಯೊಳಗಿದ್ದ ದೇವರನ್ನು ಬೀದಿಗೆ ತಂದದ್ದೇ ಜನ ಸೇರಲಿ ಅಂತ. ನೂರು ವರ್ಷ ದಾಟಿದ ಮೇಲೂ ಬೆಳಗಾವಿಯ ವಿಸರ್ಜನೆ ಮೆರವಣಿಗೆ ಒಂದು ಸಂಜೆ ಶುರುವಾದರೆ ಮರುದಿನವೂ ನಡೆಯುತ್ತಿರುತ್ತದೆ. ಕಪಿಲೇಶ್ವರ ಹೊಂಡದ ದಾರಿಯಲ್ಲಿ ಮಂಡಳದ ಹಿಂದೆ ಮಂಡಳ. ಮರಾಠಿ ಆರತಿಯನ್ನು ಕನ್ನಡ ಮನೆಯವರೂ ಬಾಯಿಪಾಠ ಹಾಡುತ್ತಾರೆ. ಭಾಷೆಯ ಹೆಸರಲ್ಲಿ ಊರು ಬಿಸಿಯಾದ ವರ್ಷಗಳಲ್ಲೂ ಪೆಂಡಾಲಿನ ಜಮಖಾನದ ಮೇಲೆ ಎರಡೂ ಮನೆಯವರು ಒಟ್ಟಿಗೆ ಕೂತಿದ್ದಾರೆ. ಅವರೆಲ್ಲ ಒಂದೇ ಪುಸ್ತಕದಲ್ಲಿ ಪಟ್ಟಿ ಬರೆಸಿದವರು.

ಬಾಗಲಕೋಟೆಯ ಹೋಳಿ ಇದಕ್ಕಿಂತ ದೊಡ್ಡ ಉದಾಹರಣೆ. ಆಲಮಟ್ಟಿಯ ಹಿನ್ನೀರು ಬಂದು ಹಳೆಯ ಊರಿನ ಭಾಗ ಮುಳುಗಿತು. ಎಷ್ಟೋ ಮನೆತನಗಳು ನವನಗರಕ್ಕೆ ಹೋದವು. ಅಲ್ಲಿ ರಸ್ತೆ ಅಗಲ, ಸೆಕ್ಟರ್ ನಂಬರು ಅಚ್ಚುಕಟ್ಟು. ಆದರೂ ಹೋಳಿ ಬಂತೆಂದರೆ ಕಾಲು ಹಳೆಯ ಊರಿನ ಕಡೆಗೇ. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ. ಒಂದೊಂದು ಪೇಟೆಗೂ ತನ್ನ ಹಲಗಿ ವಾದ್ಯದ ಮೇಳ, ತನ್ನ ಬಣ್ಣದ ಬಂಡಿ. ಬ್ಯಾರೆಲ್ಲುಗಳಲ್ಲಿ ಬಣ್ಣದ ನೀರು ತುಂಬಿಕೊಂಡು ಪೇಟೆಗೆ ಪೇಟೆಯೇ ಬೀದಿಗಿಳಿಯುತ್ತದೆ. ಹುಣ್ಣಿಮೆಗೆ ಮೊದಲೇ ಹುಡುಗರು ಮನೆ ಮನೆಯಿಂದ ಕುಳ್ಳು (ಬೆರಣಿ), ಕಟ್ಟಿಗೆ ಕೂಡಿಸುತ್ತಾರೆ. ಕುಳ್ಳು ಕೊಟ್ಟ ಮನೆಯವರು ಕಾಮಣ್ಣ ಸುಡುವಾಗ ಬಂದೇ ಬರುತ್ತಾರೆ. ಈ ಹೋಳಿಯನ್ನು ನೀವು ಹೇಳುವ ಇವೆಂಟ್‌ನವರ ಕೈಗೆ ಕೊಟ್ಟು ನೋಡಿ. ಸ್ಟೇಜು, ಲೈಟು ಬರುತ್ತವೆ. ಪೇಟೆ ಇರುವುದಿಲ್ಲ.

ನನ್ನ ಸಿಟ್ಟು ನಿಮ್ಮ ಮೇಲಲ್ಲ, ಎಲ್ಲ ಕಡೆ ಬೆಳೆಯುತ್ತಿರುವ ಈ ಚಾಳಿಯ ಮೇಲೆ. ಮೂರ್ತಿಗಿಂತ ಎತ್ತರ ಫ್ಲೆಕ್ಸು. ಫ್ಲೆಕ್ಸಿನಲ್ಲಿ ಗಣಪತಿ ಮೂಲೆಯಲ್ಲಿ, ನಡುವೆ ಕೊಟ್ಟವರ ಮುಖ. ಹಲಗಿ, ಕರಡಿ ಮಜಲು ನುಡಿಸುವ ಮನೆತನಗಳನ್ನು ಬಿಟ್ಟು ಡಿಜೆ ಪೆಟ್ಟಿಗೆಗೆ ಬಾಡಿಗೆ. ಶಬ್ದ ಮಾಲಿನ್ಯದ ನಿಯಮ ಬಂದದ್ದು 2000ದಲ್ಲಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದು, ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಎಂದು ಅದರಲ್ಲಿದೆ. ಹಬ್ಬಕ್ಕೆ ಸರ್ಕಾರ ವಿನಾಯಿತಿ ಕೊಟ್ಟರೂ ಮಧ್ಯರಾತ್ರಿ ದಾಟುವಂತಿಲ್ಲ, ಅದೂ ವರ್ಷಕ್ಕೆ 15 ದಿನ ಮಾತ್ರ. ಈ ನಿಯಮವನ್ನು ಪಾಲಿಸುವಂತೆ ಮಾಡುವವರು ಯಾರು? ಪಟ್ಟಿ ಕೊಟ್ಟ ಅಜ್ಜ ರಾತ್ರಿ ಹೊರಗೆ ಬಂದು "ಸಾಕು ಮಾಡ್ರೋ" ಅಂದರೆ ಹುಡುಗರು ಕೇಳಬೇಕಾಗುತ್ತದೆ. ಮುಂದಿನ ವರ್ಷ ಮತ್ತೆ ಅವರ ಬಾಗಿಲಿಗೇ ಹೋಗಬೇಕಲ್ಲ. ಬಿಲ್ಡರ್ ದುಡ್ಡಿನ ಡಿಜೆಗೆ ಆ ಅಜ್ಜ ಯಾರು?

ಇನ್ನೊಂದು ಮಾತು. ನಮ್ಮ ಹೊಸ ಬಡಾವಣೆಗಳಲ್ಲಿ ಕಾಂಪೌಂಡು ಎತ್ತರವಾಗಿದೆ, ಕ್ಯಾಮೆರಾ ಜಾಸ್ತಿಯಾಗಿದೆ. ಪಕ್ಕದ ಮನೆಯ ಸಾವಿನ ಸುದ್ದಿ ವಾಟ್ಸಾಪ್ ಗುಂಪಿನಲ್ಲಿ ಗೊತ್ತಾಗುತ್ತದೆ. ದಸರೆಯಲ್ಲಿ ಬನ್ನಿ ಹಿಡಿದು ಹಿರಿಯರ ಮನೆಗೆ ಹೋಗಿ ಕಾಲಿಗೆ ಬೀಳುವುದು ಕಡಿಮೆಯಾಗಿ, ಬನ್ನಿಯ ಚಿತ್ರ ಕಳಿಸುವುದು ಬಂದಿದೆ. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಹಿಡಿದು ಹೊರಡುವ ಹೆಣ್ಣುಮಕ್ಕಳ ಸಾಲು ಚಿಕ್ಕದಾಗಿದೆ. ಇಂಥ ಹೊತ್ತಿನಲ್ಲಿ ನಾಲ್ಕು ಹುಡುಗರು ಬೆವರು ಸುರಿಸಿಕೊಂಡು ನಿಮ್ಮ ಗೇಟಿಗೆ ಬರುತ್ತಾರೆ ಎಂದರೆ, ದಯವಿಟ್ಟು ಒಳಗೆ ಕರೆಯಿರಿ. ನೀರು ಕೊಡಿ. ಯಾರ ಮನೆಯವರು, ಏನು ಓದುತ್ತಿದ್ದಾರೆ ಎಂದು ಕೇಳಿ. ಆಮೇಲೆ ಲೆಕ್ಕವನ್ನೂ ಕೇಳಿ, ಮಾಸ್ತರರ ಹಾಗೆ.

ನೀವು ಕಾರ್ಯದರ್ಶಿ. ಕೈಯಲ್ಲಿ ಅಧಿಕಾರವಿದೆ. ಒಂದೇ ಪುಸ್ತಕ ಅಚ್ಚು ಹಾಕಿಸಿ, ಸಂಘದ ಮುದ್ರೆ ಒತ್ತಿ. ಇಷ್ಟೇ ಕೊಡಬೇಕೆಂದು ಯಾರಿಗೂ ಹೇಳಬೇಡಿ. ಹುಡುಗರ ಜೊತೆ ಇಬ್ಬರು ಹೆಣ್ಣುಮಕ್ಕಳನ್ನೂ ಕಳಿಸಿ. ಬಿಲ್ಡರ್ ಸಾಹೇಬರ ಮನೆಗೂ ಹೋಗಿ, ಮಿಕ್ಕವರ ಹಾಗೆ ಒಂದು ಪಾವತಿ ಹರಿದು ಕೊಡಿ, ಅವರ ಹೆಸರು ಸಾಲಿನಲ್ಲಿ ಬರುವಲ್ಲಿ ಬರಲಿ. ದುಡ್ಡು ಕಡಿಮೆ ಬಿದ್ದರೆ ಪೆಂಡಾಲು ಚಿಕ್ಕದು ಮಾಡಿ, ಮಣ್ಣಿನ ಪುಟ್ಟ ಗಣಪತಿ ತನ್ನಿ. ವಿಸರ್ಜನೆಯ ಮರುದಿನ ಜಮಾ-ಖರ್ಚನ್ನು ಹಲಗೆಯ ಮೇಲೆ ಬರೆದು, ಓಣಿಯ ಬಾಯಲ್ಲಿ, ಎಲ್ಲರಿಗೂ ಕಾಣುವಂತೆ ನಿಲ್ಲಿಸಿ. ಆ ಹಲಗೆಯ ಫೋಟೋ ನನಗೆ ಕಳಿಸಿ, ಇದೇ ಪುಟದಲ್ಲಿ ಹಾಕುತ್ತೇನೆ.

ಸಂಪಾದಕ