ಓದುಗರ ಪ್ರಶ್ನೆ: ಸ್ವಂತ ಚರ್ಚನ್ನು ಕೆಡವುವುದಕ್ಕೂ ತಡೆಯೇ?

ಪ್ರಶ್ನೆ: ಮಗಳ ಮನೆಗೆಂದು ನ್ಯೂಯಾರ್ಕಿಗೆ ಹೋಗಿದ್ದಾಗ, ಪಾರ್ಕ್ ಅವೆನ್ಯೂದ ಗಗನಚುಂಬಿ ಕಟ್ಟಡಗಳ ನಡುವೆ ಸೇಂಟ್ ಬಾರ್ಥಲೋಮ್ಯೂ ಚರ್ಚನ್ನು ಕಂಡೆ. ಅದರ ಒಂದು ಭಾಗವನ್ನು ಕೆಡವಲು ಚರ್ಚಿನವರೇ ಮುಂದಾಗಿದ್ದರಂತೆ. ತಮ್ಮದೇ ಆಸ್ತಿಯ ವಿಷಯದಲ್ಲಿ ಅವರನ್ನು ತಡೆದದ್ದು ಧರ್ಮಸ್ವಾತಂತ್ರ್ಯದಲ್ಲಿ ಕೈಹಾಕಿದಂತಾಗಲಿಲ್ಲವೇ?
– ಓದುಗರೊಬ್ಬರು, ಮೈಸೂರು

ಉತ್ತರ: ಕೆಡವಲು ಹೊರಟದ್ದು ಪ್ರಾರ್ಥನಾ ಮಂದಿರವನ್ನಲ್ಲ, ಅದಕ್ಕೆ ತಾಗಿಕೊಂಡಿರುವ ಸಮುದಾಯ ಭವನವನ್ನು. ಎರಡನ್ನೂ 1967ರಲ್ಲಿ ನಗರದ ಪಾರಂಪರಿಕ ಕಟ್ಟಡಗಳ ಆಯೋಗ ಒಟ್ಟಿಗೆ ಸಂರಕ್ಷಿತವೆಂದು ಘೋಷಿಸಿತ್ತು. 1983ರಲ್ಲಿ ಚರ್ಚು ಭವನದ ಜಾಗದಲ್ಲಿ 59 ಮಹಡಿಗಳ ಕಚೇರಿ ಗೋಪುರಕ್ಕೆ ಅನುಮತಿ ಕೋರಿತು. ಅದು ಸಿಗದಿದ್ದಾಗ 47 ಮಹಡಿಗಳಿಗೆ ಇಳಿಯಿತು. ಆಯೋಗ ಅದಕ್ಕೂ ಒಪ್ಪಲಿಲ್ಲ. ದುರಸ್ತಿಗೂ ಸೇವಾಕಾರ್ಯಕ್ಕೂ ಹಣ ಬೇಕೆಂಬುದು ಚರ್ಚಿನ ವಾದವಾಗಿತ್ತು. ಆದರೆ ಭಕ್ತರಲ್ಲೇ ಒಂದು ಗುಂಪು ಇದನ್ನು ಗಟ್ಟಿಯಾಗಿ ವಿರೋಧಿಸಿತು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ‘ಚರ್ಚಿನವರು’ ಎಂದರೆ ಆಡಳಿತ ಮಂಡಳಿ ಮಾತ್ರವಲ್ಲ.

ನೀವು ಅದರ ಮುಂಬಾಗಿಲನ್ನು ಗಮನಿಸಿರಬಹುದು. ಮೂರು ಕಮಾನುಗಳ ಆ ದ್ವಾರವನ್ನು ಸ್ಟ್ಯಾನ್‌ಫೋರ್ಡ್ ವೈಟ್ ರೂಪಿಸಿದ್ದು ಮ್ಯಾಡಿಸನ್ ಅವೆನ್ಯೂದಲ್ಲಿದ್ದ ಹಿಂದಿನ ಚರ್ಚಿಗೆ. ಚರ್ಚು ಸ್ಥಳಾಂತರಗೊಂಡಾಗ ಅದನ್ನು ಬಿಚ್ಚಿ ತಂದು, ಬರ್ಟ್ರಮ್ ಗುಡ್‌ಹ್ಯೂ ವಿನ್ಯಾಸಗೊಳಿಸಿದ ಹೊಸ ಕಟ್ಟಡಕ್ಕೆ ಜೋಡಿಸಲಾಯಿತು. ಪಕ್ಕದ ಭವನವನ್ನು ತಗ್ಗಾಗಿ ಕಟ್ಟಿರುವುದರಿಂದಲೇ ಗುಮ್ಮಟ ಬೀದಿಗೆ ಕಾಣುತ್ತದೆ. ಅಲ್ಲೊಂದು ಗೋಪುರ ಎದ್ದಿದ್ದರೆ ಚರ್ಚು ಉಳಿದೂ ಮರೆಯಾಗುತ್ತಿತ್ತು.

ಧರ್ಮಸ್ವಾತಂತ್ರ್ಯದ ಪ್ರಶ್ನೆಯನ್ನು ಚರ್ಚೇ ನ್ಯಾಯಾಲಯಕ್ಕೆ ಒಯ್ದಿತು. ಈ ಕಾನೂನು ಯಾವ ಧರ್ಮವನ್ನೂ ಗುರಿಯಾಗಿಸದೆ ಎಲ್ಲ ಪಾರಂಪರಿಕ ಕಟ್ಟಡಗಳಿಗೂ ಒಂದೇ ರೀತಿ ಅನ್ವಯಿಸುತ್ತದೆ, ಇರುವ ಕಟ್ಟಡದಲ್ಲೇ ಚರ್ಚು ತನ್ನ ಪೂಜೆಯನ್ನೂ ಸೇವೆಯನ್ನೂ ಮುಂದುವರಿಸಬಹುದು, ಆದಾಯ ತಪ್ಪಿತೆಂಬುದೊಂದೇ ಧರ್ಮಾಚರಣೆಗೆ ಅಡ್ಡಿಯಾಗದು ಎಂದು 1990ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. 1991ರಲ್ಲಿ ಸುಪ್ರೀಂ ಕೋರ್ಟು ಮೇಲ್ಮನವಿಯನ್ನು ವಿಚಾರಣೆಗೆ ಎತ್ತಿಕೊಳ್ಳಲಿಲ್ಲ.

ಈ ತೀರ್ಪು ಸರಿಯೆಂದೇ ನನ್ನ ಅಭಿಪ್ರಾಯ. ಆದರೂ ಹಳೆಯ ಕಟ್ಟಡವನ್ನು ಸಾಕುವ ಭಾರವನ್ನು ಭಕ್ತರ ಹೆಗಲಿಗಷ್ಟೇ ಬಿಡುವುದು ನ್ಯಾಯವಲ್ಲ. ರಸ್ತೆ ಅಗಲೀಕರಣಕ್ಕೆ ಜಾಗ ಬಿಟ್ಟವರಿಗೆ ಬೆಂಗಳೂರಿನಲ್ಲಿ ಕೊಡುವ, ಅಂದರೆ ಕಟ್ಟಡ ಕಟ್ಟುವ ಹಕ್ಕನ್ನು ಬೇರೆ ಜಾಗಕ್ಕೆ ವರ್ಗಾಯಿಸಲು ಇಲ್ಲವೇ ಮಾರಲು ಬಿಡುವ ಟಿಡಿಆರ್‌ನಂಥ ವ್ಯವಸ್ಥೆ ಅಲ್ಲಿಯೂ ಇದೆ. 2017ರಲ್ಲಿ ನಿಯಮ ಸಡಿಲವಾದ ಬಳಿಕ, ಚರ್ಚು ತಾನು ಕಟ್ಟದೆ ಉಳಿಸಿಕೊಂಡ ಎತ್ತರದ ಹಕ್ಕಿನಲ್ಲಿ ಒಂದು ಪಾಲನ್ನು ಸಮೀಪದ ಜೆಪಿ ಮಾರ್ಗನ್ ಬ್ಯಾಂಕಿನ ಹೊಸ ಕಟ್ಟಡಕ್ಕೆ ಮಾರಿತು. ಸಮುದಾಯ ಭವನ ಇದ್ದಲ್ಲೇ ಇದೆ.