ಸರಾಸರಿ ಏರಿದರೆ ಸಾಕೇ?

ಪ್ರಶ್ನೆ: ಯಶವಂತಪುರದ ಎರಡು ಸರ್ಕಾರಿ ಶಾಲೆಗಳ ಮಕ್ಕಳಿಗೆ ನಮ್ಮ ಸಂಸ್ಥೆ ಸಂಜೆ ಕನ್ನಡ ಓದು ಕಲಿಸುತ್ತದೆ. ಜೂನ್‌ನಲ್ಲಿ 80 ಮಕ್ಕಳಿದ್ದರು, ಮಾರ್ಚ್‌ಗೆ ಅವರಲ್ಲಿ 52 ಮಂದಿ ಉಳಿದರು. ಸರಾಸರಿ ಅಂಕ ಏರಿದೆ. ಯಶಸ್ಸು ಎನ್ನಬಹುದೇ?

ಉತ್ತರ: ಇಷ್ಟರಿಂದಲೇ ಹೇಳಲಾಗದು. ಬಿಟ್ಟುಹೋದ 28 ಮಕ್ಕಳಲ್ಲಿ ಓದಲು ಬಾರದವರೇ ಹೆಚ್ಚಿದ್ದರೆ, ಯಾರೂ ಏನೂ ಕಲಿಯದೆಯೂ ಸರಾಸರಿ ಏರುತ್ತದೆ. ಉಳಿದ 52 ಮಕ್ಕಳ ಮಾರ್ಚ್ ಅಂಕವನ್ನು ಅವರದೇ ಜೂನ್ ಅಂಕದ ಪಕ್ಕ ಇಡಿ. ಬಿಟ್ಟವರ ಜೂನ್ ಅಂಕವನ್ನು ಬೇರೆಯಾಗಿ ನೋಡಿ.

ಅಂಕಕ್ಕಿಂತ ಓದಿನ ಹಂತ (ಅಕ್ಷರ, ಪದ, ಪ್ಯಾರಾ, ಕಥೆ) ಹೆಚ್ಚು ತಿಳಿಸುತ್ತದೆ. ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ (ASER) ಸಮೀಕ್ಷೆಯ ಕ್ರಮ ಅನುಸರಿಸಿ: ಮಗುವನ್ನು ಒಂಟಿಯಾಗಿ ಕೂರಿಸಿಕೊಂಡು ಮೊದಲು ಒಂದನೇ ತರಗತಿ ಮಟ್ಟದ ಪ್ಯಾರಾ ಕೊಡಿ. ಸರಾಗವಾಗಿ ಓದಿದರೆ ಕಥೆ. ಇಲ್ಲದಿದ್ದರೆ ಪದ, ಅದೂ ಬಾರದಿದ್ದರೆ ಅಕ್ಷರ. ಐದು ಪದಗಳಲ್ಲಿ ನಾಲ್ಕು ಸರಿಯಿದ್ದರೆ ಪದದ ಹಂತ. ಎರಡನೇ ಬಾರಿ ಅದೇ ಮಟ್ಟದ ಬೇರೆ ಪ್ಯಾರಾ ಬೇಕು, ಇಲ್ಲವಾದರೆ ಬಾಯಿಪಾಠ ಒಪ್ಪಿಸುತ್ತಾರೆ. ಪಾಠ ಮಾಡಿದವರು ಪರೀಕ್ಷಿಸುವುದಂತೂ ಬೇಡವೇ ಬೇಡ: ಮಗು ತಡವರಿಸಿದೊಡನೆ ಮೊದಲಕ್ಷರ ಅವರ ಬಾಯಿಂದಲೇ ಬಂದುಬಿಡುತ್ತದೆ.

ಶಾಲೆಯ ಪಾಠದಿಂದಲೂ ಓದು ಸುಧಾರಿಸುತ್ತದಲ್ಲ? ಹಾಗಾಗಿ ಮುಂದಿನ ಜೂನ್‌ನಲ್ಲಿ, ನಿಮ್ಮ ತರಗತಿಗೆ ಬಾರದ ಅದೇ ಹಂತದ ಮಕ್ಕಳನ್ನೂ ಪರೀಕ್ಷಿಸಿಟ್ಟುಕೊಳ್ಳಿ; ಮಾರ್ಚ್‌ನಲ್ಲಿ ಅವರ ಏರಿಕೆಯ ಪಕ್ಕ ನಿಮ್ಮ ಮಕ್ಕಳ ಏರಿಕೆ ಇಟ್ಟು ನೋಡಿ.